ಅತ್ತೆಯ ಕೆಂಪು ಗೆರೆ

ಅಂದು ಬೆಳಿಗ್ಗೆ ನಾನು ಇವರ ಸಮವಸ್ತ್ರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಕಾಲರ್ ಮುಗಿದಿತ್ತು, ಒಂದು ತೋಳು ಮುಗಿದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು.

"ಏ ಹುಡುಗೀ, ಬೇಗ ಬಾ ಇಲ್ಲಿ. ಇದು ಯಾರ ಚಾರ್ಟು?"

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಹೋದೆ. ಇವರು ಸ್ನಾನಕ್ಕೆ ಹೋಗುವಾಗ ಮೊಬೈಲನ್ನು ಸಕ್ಕರೆ ಡಬ್ಬದ ಪಕ್ಕದಲ್ಲಿ ಬಿಟ್ಟು ಹೋಗಿದ್ದರು. ಪರದೆ ಇನ್ನೂ ಆರಿರಲಿಲ್ಲ. ಅದರ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಸ್ವಲ್ಪ ದೂರ ಹತ್ತಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಚಹಾದ ಚಮಚ ಹಿಡಿದ ಕೈಯಲ್ಲೇ ಆ ಗೆರೆಯನ್ನು ಗಾಳಿಯಲ್ಲಿ ಬರೆದು ನೋಡುತ್ತಿದ್ದರು.

"ಇದು ರೋಗಿಯದಲ್ಲ ಅತ್ತೆ. ಯಾವುದೋ ಷೇರಿನದು ಇರಬೇಕು."

"ಯಾರದಾದ್ರೇನು. ಈ ಚಾರ್ಟಿನವರಿಗೆ ಹುಷಾರಿಲ್ಲ. ಮೇಲೆ ಹೆಸರು ಬರೆದಿದೆ ನೋಡು, ಅಕ್ಷರ ಸಣ್ಣದು, ಓದು."

ಓದಿದೆ. ನೀರಿನ ಪಂಪು ಮಾಡುವ ಒಂದು ಕಂಪನಿಯ ಹೆಸರು.

ನಮ್ಮ ಅತ್ತೆ ಮೂವತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತರಾಗಿ ಎಂಟು ವರ್ಷವಾದರೂ ನಮ್ಮ ಕಟ್ಟಡದ ಅಕ್ಕಪಕ್ಕದ ಮನೆಯವರೆಲ್ಲ ಅವರನ್ನು 'ಸಿಸ್ಟರ್' ಎಂದೇ ಕರೆಯುತ್ತಾರೆ. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ, ಮಂಚದ ಕಾಲ ಬಳಿ ತೂಗುವ ಹಾಳೆಯಲ್ಲಿ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಸೇರಿಸಿ, ಹಾಗೆ ಎಷ್ಟು ಸಾವಿರ ಹಾಳೆಗಳನ್ನು ತುಂಬಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಗೆರೆ ಕಂಡರೆ ಅವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಇವರು ತಲೆ ಒರೆಸಿಕೊಳ್ಳುತ್ತಾ ಬಂದವರು ಫೋನನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡರು.

"ನನ್ನ ಫೋನ್ ಯಾರು ಮುಟ್ಟಿದ್ದು?"

"ಯಾರೂ ಮುಟ್ಟಿಲ್ಲ ಕಣೋ. ನೋಡಿದೆ ಅಷ್ಟೆ. ಕಣ್ಣಿಗೂ ಬೀಗ ಹಾಕ್ಕೊಳ್ಲಾ?" ಎಂದರು ಅತ್ತೆ. "ಏನದು?"

"ಅಮ್ಮ, ಅದು ನಿಂಗೆ ಅರ್ಥ ಆಗಲ್ಲ ಬಿಡು."

ಬಾಗಿಲ ಬಳಿ ಶೂ ಲೇಸು ಕಟ್ಟುತ್ತಿದ್ದ ನಮ್ಮ ಮಗಳು ತಲೆ ಎತ್ತಿದಳು. ಹತ್ತು ವರ್ಷ ಅವಳಿಗೆ. ಮನೆಯಲ್ಲಿ ಕರೆಯುವುದು ಚೂಟಿ ಎಂದು. ಅಪ್ಪನ ಮುಖ ನೋಡಿದಳು, ಬಾಯಿ ತೆರೆದಳು, ಆಮೇಲೆ ಮತ್ತೆ ಲೇಸಿಗೆ ಬಗ್ಗಿದಳು. ಇಸ್ತ್ರಿಯ ಕಡೆ ಓಡಿದ ನಾನು ಆಗ ಅದನ್ನು ದೊಡ್ಡದಾಗಿ ತೆಗೆದುಕೊಳ್ಳಲಿಲ್ಲ.

ಅತ್ತೆ ಮಾತ್ರ ಚಹಾ ಸೋಸುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದರು: "ಅರ್ಥ ಆಗಲ್ವಾ? ಸರಿ, ಹಾಗಾದ್ರೆ ಅರ್ಥ ಮಾಡ್ಕೊಂಡು ಬರ್ತೀನಿ."

'ಅರ್ಥ ಆಗಲ್ಲ' ಎಂಬ ಮಾತನ್ನು ನಾನು ಅದಕ್ಕೂ ಒಂದು ತಿಂಗಳ ಹಿಂದೆಯೇ ಕೇಳಿದ್ದೆ. ನಮ್ಮದು ಒಂದೇ ಕೋಣೆಯ ಮನೆ. ಮುಂದಿನ ಪಡಸಾಲೆಯಲ್ಲಿ ನನ್ನ ಹೊಲಿಗೆ ಯಂತ್ರ, ಅಡುಗೆಮನೆಗೆ ಹೋಗುವ ಕಿರುದಾರಿಯಲ್ಲಿ ಪರದೆ ಕಟ್ಟಿ ಅತ್ತೆ ಮತ್ತು ಚೂಟಿಯ ಹಾಸಿಗೆ. ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿಯಾಗುವುದಿತ್ತು. ನಾವೆಲ್ಲ ಹೋಗಿ ನೋಡಿಬಂದಿದ್ದೆವು. ಎರಡನೇ ಕೋಣೆಯ ಕಿಟಕಿಯ ಕೆಳಗೆ ಚೂಟಿ ಹೆಜ್ಜೆ ಹಾಕಿ ಅಳೆದು, "ಇಲ್ಲಿ ಅಜ್ಜಿ ಮಂಚ, ಇಲ್ಲಿ ನನ್ನ ಮಂಚ, ಮಧ್ಯೆ ಓಡಾಡೋಕೆ ಎರಡು ಹೆಜ್ಜೆ" ಎಂದಿದ್ದಳು. ಮನೆಯೊಡತಿ ಇನ್ನೆರಡು ತಿಂಗಳು ಕಾಯುತ್ತೇನೆ ಎಂದಿದ್ದಳು. ಮುಂಗಡದ ಹಣ ಬ್ಯಾಂಕಿನಲ್ಲಿತ್ತು. ಇವರ ಓವರ್‌ಟೈಮು, ನನ್ನ ಹೊಲಿಗೆ, ಅತ್ತೆಯ ಪಿಂಚಣಿ, ಮೂರೂ ಸೇರಿ ಐದು ವರ್ಷದಲ್ಲಿ ಆದದ್ದು.

ಇವರು ಲಿಫ್ಟ್ ಮೆಕ್ಯಾನಿಕ್. ಇವರ ಕೆಲಸದ ಜಾಗದಲ್ಲಿ ಒಬ್ಬನಿದ್ದಾನೆ, ಎಲ್ಲರೂ ಅವನನ್ನು 'ಷೇರು ಪಂಡಿತ' ಎನ್ನುತ್ತಾರೆ. ಆ ಪಂಡಿತ ಹೇಳಿದನಂತೆ, ಹಣ ಸುಮ್ಮನೆ ಯಾಕೆ ಮಲಗಿರಬೇಕು, ಎರಡು ತಿಂಗಳು ಪಂಪು ಕಂಪನಿಯಲ್ಲಿ ದುಡಿಯಲಿ ಎಂದು. "ಎಲ್ಲಾ ಅಲ್ಲ, ಸ್ವಲ್ಪ ಹಾಕಿದ್ದೀನಿ," ಎಂದರು ಇವರು. ಎಷ್ಟು ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದೇ: "ನಿಂಗೆ ಅರ್ಥ ಆಗಲ್ಲ."

ನಾನು ಸುಮ್ಮನಾಗಿದ್ದೆ. ಅತ್ತೆ ಸುಮ್ಮನಾಗಲಿಲ್ಲ.

*

ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಷೇರು ಮಾರುಕಟ್ಟೆಯ ಚಾರ್ಟು ಓದುವುದನ್ನು ಪುಕ್ಕಟೆ ಕಲಿಸುತ್ತಾರೆಂದು ಕೆಳಗಿನ ಕ್ಷೌರದ ಅಂಗಡಿಯವನು ಹೇಳಿದನಂತೆ. ಅತ್ತೆ ಆಸ್ಪತ್ರೆಯ ಕಾಲದ ಬಿಳಿ ಕೈಚೀಲ ಹುಡುಕಿ ತೆಗೆದರು. ಅದರಲ್ಲಿ ಚೂಟಿಯ ಗ್ರಾಫ್ ಪುಸ್ತಕ, ಒಂದು ಅಡಿಕೋಲು, ನೀಲಿ ಪೆನ್ನು, ಕೆಂಪು ಪೆನ್ನು, ಒಂದು ಬೇಯಿಸಿದ ಮೊಟ್ಟೆ.

"ಮೊಟ್ಟೆ ಯಾಕತ್ತೆ?"

"ಡ್ಯೂಟಿಗೆ ಹೋಗುವಾಗ ಹಸಿದ ಹೊಟ್ಟೆಯಲ್ಲಿ ಹೋಗಬಾರದು. ತಪ್ಪು ರೀಡಿಂಗ್ ಬರುತ್ತೆ."

ಆ ಸಂಜೆ ಊಟಕ್ಕೆ ಕುಳಿತಾಗ ಅವರ ಉತ್ಸಾಹ ನೋಡಬೇಕಿತ್ತು. ತರಗತಿಯಲ್ಲಿ ಹನ್ನೊಂದು ಜನರಂತೆ. ಅತ್ತೆಯನ್ನು ಬಿಟ್ಟರೆ ಎಲ್ಲರಿಗಿಂತ ದೊಡ್ಡವನಿಗೆ ನಲವತ್ತು. ಕಲಿಸುವವಳು ಇಪ್ಪತ್ತೈದರ ಹುಡುಗಿ, ಅತ್ತೆ ಅವಳನ್ನು ಮೊದಲ ದಿನವೇ 'ಟೀಚರಮ್ಮ' ಮಾಡಿಬಿಟ್ಟಿದ್ದರು.

"ಇದಕ್ಕೆ ಕ್ಯಾಂಡಲ್ ಅಂತಾರೆ," ಎಂದು ತಟ್ಟೆಯ ಅಂಚಿನಲ್ಲಿ ಕ್ಯಾರೆಟ್ಟಿನ ತುಂಡನ್ನು ನಿಲ್ಲಿಸಿ, ಅದರ ಮೇಲೊಂದು ಕೆಳಗೊಂದು ಬೆಂಕಿಕಡ್ಡಿ ಚುಚ್ಚಿದರು. "ಬೆಳಿಗ್ಗೆ ಬಾಗಿಲು ತೆಗೆದಾಗ ಬೆಲೆ ಇಲ್ಲಿ. ಮುಚ್ಚಿದಾಗ ಇಲ್ಲಿ. ಈ ಎರಡರ ಮಧ್ಯೆ ಮೈ. ದಿನದಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿದ್ದು ಈ ಕಡ್ಡಿ ತುದಿ, ಎಲ್ಲಕ್ಕಿಂತ ಕೆಳಗೆ ಹೋಗಿದ್ದು ಆ ಕಡ್ಡಿ ತುದಿ. ನಾಲ್ಕೇ ನಂಬರು. ಬೆಳಿಗ್ಗೆ ಜ್ವರ, ಸಂಜೆ ಜ್ವರ, ಹೆಚ್ಚೆಂದರೆ ಎಷ್ಟು, ಕಡಿಮೆ ಎಂದರೆ ಎಷ್ಟು. ಇದಕ್ಕೆ ಇಷ್ಟೊಂದು ದೊಡ್ಡ ಹೆಸರು ಇಟ್ಕೊಂಡು ಎಲ್ಲರನ್ನೂ ಹೆದರಿಸ್ತಾರೆ."

"ಮೈಗೆ ಬಣ್ಣ?" ಎಂದಳು ಚೂಟಿ.

"ಏರಿದ್ದರೆ ನೀಲಿ. ಇಳಿದಿದ್ದರೆ ಕೆಂಪು. ನಮ್ಮ ವಾರ್ಡಿನಲ್ಲಿ ಹಗಲಿನವರು ನೀಲಿ, ರಾತ್ರಿಯವರು ಕೆಂಪು. ಪೆನ್ನು ನನ್ನ ಹತ್ತಿರ ಮೊದಲೇ ಇವೆ."

ಇವರು ನಕ್ಕರು. "ಅಮ್ಮ, ಕ್ಯಾರೆಟ್ ತಿನ್ನು. ಮಾರುಕಟ್ಟೆ ತಟ್ಟೆಯಲ್ಲಿ ನಡೆಯಲ್ಲ."

"ಜೇಬಿನಲ್ಲೂ ನಡೆಯಲ್ಲ ಕಣೋ," ಎಂದು ಅತ್ತೆ ಕಡ್ಡಿ ತೆಗೆದು ಕ್ಯಾರೆಟ್ ಕಡಿದರು.

ಅಂದಿನಿಂದ ಮನೆಯ ಕೆಲಸದ ಕ್ರಮ ಬದಲಾಯಿತು. ಕ್ಷೌರದ ಅಂಗಡಿಯವನು ಸಂಜೆ ಅಂಗಡಿ ಮುಚ್ಚುವಾಗ ಆ ದಿನದ ಪತ್ರಿಕೆಯನ್ನು ಅತ್ತೆಗೆ ಕೊಡುತ್ತಿದ್ದ. ಅದರಲ್ಲಿ ಹಿಂದಿನ ದಿನದ ಬೆಲೆಗಳು. ಅತ್ತೆ ಅದರಿಂದ ನಾಲ್ಕು ನಂಬರು ಹುಡುಕಿ ಬರೆಯುತ್ತಿದ್ದರು. ಚೂಟಿ ಬಣ್ಣ ತುಂಬುತ್ತಿದ್ದಳು. ಹಾಳೆಯ ಮೇಲೆ ಕೂದಲು, ಕಾಗದದ ಮೇಲೆ ಪೌಡರಿನ ವಾಸನೆ.

"ನಿನ್ನೆಯ ಜ್ವರಕ್ಕೆ ಇವತ್ತು ಥರ್ಮಾಮೀಟರ್ ಇಡ್ತಾರೆ ನಮ್ಮಮ್ಮ," ಎಂದು ಇವರು ಹಾಸ್ಯ ಮಾಡಿದರು.

"ಕಲಿಯೋಕೆ ನಿನ್ನೆಯ ಜ್ವರವೇ ಒಳ್ಳೇದು. ತಪ್ಪಾದರೂ ರೋಗಿ ಸಾಯಲ್ಲ."

ನನಗೂ ಕೆಲವೊಮ್ಮೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲು ಬಟಾಣಿ ಸುಲಿಯುವುದು, ಚೂಟಿಯ ತಲೆ ಬಾಚುವುದು, ಹೊಲಿದ ಬಟ್ಟೆಗೆ ಗುಂಡಿ ಹಚ್ಚುವುದು ಅತ್ತೆಯ ಪಾಲು. ಈಗ ಎಲ್ಲ ನನ್ನ ತಲೆಗೆ. ಒಂದು ಸಂಜೆ ಕೇಳಿಯೇ ಬಿಟ್ಟೆ: "ಅತ್ತೆ, ಬಟಾಣಿ?"

"ಇಲ್ಲಿ ಕೊಡು. ಸುಲಿದುಕೊಂಡೇ ಪಾಠ ಮಾಡ್ತೀನಿ."

ಐದು ಬಟ್ಟಲು ಇಟ್ಟರು. ನೂಲಿನ ಕಂಪನಿಯೊಂದರ ಐದು ದಿನದ ಮುಕ್ತಾಯದ ಬೆಲೆ ಹೇಳಿ, ಬಟ್ಟಲಿಗೆ ಅಷ್ಟಷ್ಟು ಬಟಾಣಿ ಹಾಕಿಸಿದರು. ಮೂವತ್ತೊಂದು, ಮೂವತ್ತಮೂರು, ಮೂವತ್ತೆರಡು, ಮೂವತ್ತು, ಮೂವತ್ತನಾಲ್ಕು. "ಈಗ ಎಲ್ಲಾ ಒಟ್ಟು ಮಾಡಿ ಐದು ಬಟ್ಟಲಿಗೂ ಸಮ ಹಂಚು."

ಚೂಟಿ ಹಂಚಿದಳು. "ಮೂವತ್ತೆರಡು!"

"ಅದು ಐದು ದಿನದ ಸರಾಸರಿ. ಇವತ್ತು ಹೊಸ ಬೆಲೆ ಮೂವತ್ತಾರು. ಈಗ ಏನು ಮಾಡ್ಬೇಕು?"

"ಎಲ್ಲಕ್ಕಿಂತ ಹಳೇ ದಿನ ತೆಗೀಬೇಕು, ಹೊಸದು ಸೇರಿಸ್ಬೇಕು," ಎಂದು ಚೂಟಿ ಮೂವತ್ತೊಂದು ಬಟಾಣಿ ಎಣಿಸಿ ಪಕ್ಕಕ್ಕಿಟ್ಟು, ಮೂವತ್ತಾರು ಸುರಿದು, ಮತ್ತೆ ಹಂಚಿದಳು. "ಮೂವತ್ತಮೂರು. ಅಜ್ಜಿ, ಬೆಲೆ ಕುಣಿಯುತ್ತೆ, ಸರಾಸರಿ ನಡೆಯುತ್ತೆ!"

ಅತ್ತೆ ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ಮೂವತ್ತು ವರ್ಷದ ಹಿಂದೆ ಹೊಸ ನರ್ಸ್ ಹುಡುಗಿಯೊಬ್ಬಳು ಮೊದಲ ಸೂಜಿ ಸರಿಯಾಗಿ ಚುಚ್ಚಿದಾಗಲೂ ಹೀಗೇ ಹುಬ್ಬು ಹಾರಿಸಿರಬೇಕು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಟಾಣಿ ಮಾತ್ರ ಅಂದು ಬೇಯುವಷ್ಟರಲ್ಲಿ ರಾತ್ರಿ ಎಂಟಾಯಿತು.

*

ಅತ್ತೆ ದುಡ್ಡು ಹಾಕಲಿಲ್ಲ. ಟೀಚರಮ್ಮ ಹೇಳಿದ್ದಳಂತೆ, ಮೂರು ತಿಂಗಳು ಕಾಗದದ ಮೇಲೇ ಕೊಂಡು ಕಾಗದದ ಮೇಲೇ ಮಾರಿ ಎಂದು. ಅದಕ್ಕೆ ಒಂದು ರಿಜಿಸ್ಟರ್ ಮಾಡಿದರು. ಕೊಳ್ಳುವುದಕ್ಕೆ 'ಅಡ್ಮಿಷನ್', ಮಾರುವುದಕ್ಕೆ 'ಡಿಸ್ಚಾರ್ಜ್'. ಪಕ್ಕದಲ್ಲಿ ಕಾರಣ.

ಅವರ ಮೊದಲ ಅಡ್ಮಿಷನ್ ಒಂದು ಶೂ ಕಂಪನಿ. ನೂರನಲವತ್ತರಿಂದ ನೂರಹತ್ತಕ್ಕೆ ಇಳಿದಿತ್ತು. ಕಾರಣದ ಜಾಗದಲ್ಲಿ ಅತ್ತೆ ಬರೆದಿದ್ದರು: 'ಬಹಳ ಇಳಿದಿದ್ದಾರೆ. ಸಹಜ ಸ್ಥಿತಿಗೆ ಬರುವ ನಿರೀಕ್ಷೆ.'

ವಾರದಲ್ಲಿ ಅದು ತೊಂಬತ್ತೊಂಬತ್ತಾಯಿತು. 'ಗಮನಿಸಲಾಗುತ್ತಿದೆ' ಎಂದು ಬರೆದರು. ಇನ್ನೊಂದು ವಾರಕ್ಕೆ ಎಂಬತ್ತೆಂಟು. ಅತ್ತೆ ಪೆನ್ನು ಮುಚ್ಚಿ, ಆ ಹಾಳೆಯನ್ನು ಮಡಿಚಿ, ಕೈಚೀಲಕ್ಕೆ ಹಾಕಿಕೊಂಡು ತರಗತಿಗೆ ಹೋದರು. ಬಂದಾಗ ಮುಖ ಕೆಂಪಾಗಿತ್ತು. ನನಗೆ ಗಾಬರಿ. ಆದರೆ ಊಟಕ್ಕೆ ಕುಳಿತು ತಾವೇ ಶುರು ಮಾಡಿದರು.

"ಇವತ್ತು ನನ್ನ ಮೂವತ್ತಾರು ವರ್ಷದ ಸರ್ವೀಸು ಅರ್ಧ ಗಂಟೆಯಲ್ಲಿ ನೀರುಪಾಲಾಯ್ತು," ಎಂದು ನಕ್ಕರು. "ಎಲ್ಲರ ಮುಂದೆ ಹಾಳೆ ತೋರಿಸಿದೆ. ಟೀಚರಮ್ಮ ಕೇಳಿದಳು, 'ಅಜ್ಜಿ, ಜ್ವರಕ್ಕೆ ತೊಂಬತ್ತೆಂಟು ಪಾಯಿಂಟ್ ನಾಲ್ಕು ಅಂತ ಒಂದು ನಂಬರು ಇದೆ. ಇಳಿದರೂ ಏರಿದರೂ ಮೈ ಅಲ್ಲಿಗೇ ಬರೋಕೆ ನೋಡುತ್ತೆ. ಶೂ ಕಂಪನಿಗೆ ಆ ನಂಬರು ಯಾರು ಬರೆದುಕೊಟ್ಟಿದ್ದಾರೆ?' ಅಂತ."

"ನೀವೇನಂದ್ರಿ?" ಎಂದೆ.

"ಏನನ್ನಲಿ? ಯಾರೂ ಬರೆದುಕೊಟ್ಟಿಲ್ಲ. ನಾನೇ ಮನಸ್ಸಿನಲ್ಲಿ ನೂರನಲವತ್ತು ಅಂತ ಬರ್ಕೊಂಡಿದ್ದೆ. ಮೊದಲು ನೋಡಿದ ಬೆಲೆ ಅದು, ಅಷ್ಟೆ. ತಪ್ಪು ನಂದೇ."

ಇವರ ಕೈಯ ತುತ್ತು ನಿಂತಿತು. "ಮತ್ತೆ ಅಲ್ಲಿಗೆ ಬರಲ್ಲ ಅಂತ ಅವಳಿಗೆ ಹೇಗೆ ಗೊತ್ತು?"

"ಗೊತ್ತು ಅಂತ ಅವಳು ಹೇಳಲೇ ಇಲ್ಲ. ಬರಬಹುದು, ಬರದೇನೂ ಇರಬಹುದು. ಗೊತ್ತಿಲ್ಲ ಅನ್ನೋದೇ ಇವತ್ತಿನ ಪಾಠ. ಗೊತ್ತಿಲ್ಲದವರು ಏನು ಮಾಡ್ಬೇಕು? ಅಡ್ಮಿಟ್ ಮಾಡ್ಕೊಳ್ಳೋ ಹೊತ್ತಿಗೇ, ಇಲ್ಲಿಗಿಂತ ಕೆಳಗೆ ಹೋದರೆ ಡಿಸ್ಚಾರ್ಜ್ ಅಂತ ಒಂದು ಗೆರೆ ಎಳೆದಿಡಬೇಕು. ಕೆಂಪು ಗೆರೆ. ಆಮೇಲೆ ಅಳಿಸಬಾರದು, ಇಳಿಸಬಾರದು."

"ಅಪ್ಪಾ..." ಎಂದಳು ಚೂಟಿ.

"ಏನು?" ಇವರ ದನಿ ಗಡುಸಾಗಿತ್ತು.

"ಏನಿಲ್ಲ. ಉಪ್ಪು."

ಉಪ್ಪು ಅವಳ ಕೈ ಹತ್ತಿರವೇ ಇತ್ತು.

ಎಪ್ಪತ್ತಕ್ಕೆ ಎರಡು ವರ್ಷ ಕಡಿಮೆ ಇರುವ ಹೆಂಗಸು, ಮೊಮ್ಮಗಳಾಗಬಹುದಾದ ವಯಸ್ಸಿನ ಹುಡುಗಿಯ ಕೈಯಲ್ಲಿ ಎಲ್ಲರೆದುರು ತಪ್ಪು ತಿದ್ದಿಸಿಕೊಂಡು, ಅದನ್ನು ಮನೆಗೆ ತಂದು ಅನ್ನದ ಜೊತೆ ಬಡಿಸುವುದಿದೆಯಲ್ಲ, ಅದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಅಂದು ರಿಜಿಸ್ಟರಿನಲ್ಲಿ ಆ ಸಾಲಿನ ಪಕ್ಕ ಅವರು ಬರೆದದ್ದು ಈಗಲೂ ಇದೆ: 'ನರ್ಸಿನ ತಪ್ಪು. ರೋಗಿಯದಲ್ಲ.'

*

ಆ ವಾರ ಇವರು ಊಟದ ಡಬ್ಬಿ ಮರೆತು ಹೋದರು. ಶಾಲೆಗೆ ರಜೆ ಇದ್ದುದರಿಂದ ಚೂಟಿಯನ್ನೂ ಕರೆದುಕೊಂಡು ಡಬ್ಬಿ ಕೊಟ್ಟುಬರಲು ಹೋದೆ. ಒಂಬತ್ತು ಮಹಡಿಯ ಕಚೇರಿ ಕಟ್ಟಡ. ಇವರು ತುತ್ತತುದಿಯ ಯಂತ್ರದ ಕೋಣೆಯಲ್ಲಿದ್ದರು; ಮೊಣಕೈವರೆಗೆ ಗ್ರೀಸು, ಕಿವಿಯ ಮೇಲೆ ಪೆನ್ಸಿಲ್ಲು. ಮಗಳನ್ನು ಕಂಡು ಮುಖ ಅರಳಿತು. ಕೆಲಸದಲ್ಲಿ ಇವರನ್ನು ನೋಡುವುದೇ ಒಂದು ಚಂದ. ಒಂದು ನಟ್ಟಿಗೂ ಅವಸರ ಮಾಡುವವರಲ್ಲ.

"ಈ ಹಗ್ಗ ಕಡಿದು ಹೋದ್ರೆ ಲಿಫ್ಟ್ ಬಿದ್ದು ಹೋಗುತ್ತಾ ಅಪ್ಪ?"

"ಬೀಳೋಕೆ ಬಿಡ್ತೀವಾ? ಇದು ನೋಡು, ಗವರ್ನರ್ ಅಂತ." ಪಕ್ಕದಲ್ಲಿ ತಿರುಗುವ ಒಂದು ಚಕ್ರ ತೋರಿಸಿದರು. "ಲಿಫ್ಟ್ ಇಳಿಯೋ ವೇಗ ಇಷ್ಟನ್ನ ದಾಟ್ತು ಅಂದ್ರೆ ಇದು ಕೊಕ್ಕೆ ಹಾಕುತ್ತೆ. ಕೂಡಲೇ ಲಿಫ್ಟಿನ ಕೆಳಗಿರೋ ದವಡೆ ಪಕ್ಕದ ಕಂಬೀನ ಕಚ್ಚಿ ಹಿಡ್ಕೊಳ್ಳುತ್ತೆ. ಒಳಗಿರೋರಿಗೆ ಒಂದು ಸಲ ಎದೆ ಧಸಕ್ ಅನ್ನುತ್ತೆ, ಅಷ್ಟೆ."

"ಹಿಡ್ಕೋ ಅಂತ ಯಾರು ಹೇಳ್ತಾರೆ ಅದಕ್ಕೆ?"

"ಯಾರೂ ಹೇಳ್ಬೇಕಾಗಿಲ್ಲ. ಎಷ್ಟಕ್ಕೆ ಹಿಡೀಬೇಕು ಅಂತ ಮೊದಲೇ ಹೊಂದಿಸಿ ಸೀಲ್ ಹಾಕಿರ್ತೀವಿ. ಬೀಳ್ತಾ ಇರುವಾಗ ಕೂತು ಯೋಚನೆ ಮಾಡೋಕಾಗುತ್ತಾ ಚೂಟಿ?"

ಅವಳು ಆ ಸೀಸದ ಪುಟ್ಟ ಸೀಲನ್ನು ತುಂಬ ಹೊತ್ತು ನೋಡಿದಳು. ಅಪ್ಪನ ಮುಖ ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಇವರ ಫೋನ್ ಸದ್ದು ಮಾಡಿತು. ಇವರು ನಮಗೆ ಬೆನ್ನು ಹಾಕಿ, ಗ್ರೀಸಿನ ಬೆರಳಿನಿಂದಲೇ ಪರದೆ ಒತ್ತಿದರು. ತಿರುಗಿದಾಗ ಅರಳಿದ್ದ ಮುಖ ಇರಲಿಲ್ಲ. "ಹೊರಡಿ, ಇಲ್ಲೆಲ್ಲ ಜಾಸ್ತಿ ಹೊತ್ತು ನಿಲ್ಲಬಾರದು," ಎಂದರು.

ಮೆಟ್ಟಿಲಿಳಿಯುವಾಗ ಮಗಳನ್ನು ಕೇಳಿದೆ: "ಅಪ್ಪನ್ನ ಏನೋ ಕೇಳೋಕೆ ಹೊರಟಿದ್ದೆಯಲ್ಲ?"

"ಕೋಪ ಮಾಡ್ಕೊಳ್ತಾರಮ್ಮ."

"ನನ್ನ ಕೇಳು."

"ಅದು ನಿನ್ನ ಕೇಳೋದಲ್ಲ," ಎಂದು ಎರಡೆರಡು ಮೆಟ್ಟಿಲು ಹಾರಿ ಮುಂದೆ ಹೋದಳು.

*

ತಿಂಗಳ ಕೊನೆಗೆ ಹತ್ತು ದಿನ ಇರುವಾಗ ಮನೆಯೊಡತಿ ಹೇಳಿಕಳಿಸಿದಳು. ಒಂದನೇ ತಾರೀಕಿಗೆ ಮುಂಗಡ ಕೊಡದಿದ್ದರೆ ಮನೆ ಬೇರೆಯವರಿಗೆ.

ಇವರು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. "ರೀ, ನಾಳೆ ಬ್ಯಾಂಕಿಗೆ ಹೋಗೋಣ," ಎಂದೆ.

ಇವರು ಇನ್ನೊಂದು ಚೊಂಬು ನೀರನ್ನು ಕಾಲಿಗೆ ಸುರಿದುಕೊಂಡರು.

"ಕೇಳಿಸ್ತಾ?"

"ಸ್ವಲ್ಪ ದಿನ ತಡಿ. ಈಗ ತೆಗೆದರೆ ನಷ್ಟ. ಮತ್ತೆ ಏರಿದ ಮೇಲೆ ತೆಗೀತೀನಿ."

"ಸ್ವಲ್ಪ ಹಾಕಿದ್ದು ಅಲ್ವಾ? ಉಳಿದಿದ್ದು ಇದೆಯಲ್ಲ?"

"ಬೆಲೆ ಇಳಿದಿತ್ತು. ಅಗ್ಗಕ್ಕೆ ಸಿಗುತ್ತೆ ಅಂತ ಇನ್ನಷ್ಟು ತಗೊಂಡೆ. ಪಂಡಿತನೂ ತಗೊಂಡ."

"ಎಷ್ಟು?"

"ಒಟ್ಟು ಅರ್ಧ ಅಂತ ಇಟ್ಕೋ."

"ಅರ್ಧ ಅಂದ್ರೆ ದುಡ್ಡಿನ ಲೆಕ್ಕ ಹೇಳ್ಬೇಡಿ. ಮನೆಯ ಲೆಕ್ಕ ಹೇಳಿ. ಯಾವ ಅರ್ಧ ಹೋಯ್ತು? ಅಡುಗೆಮನೆಯಾ, ಕಿಟಕಿ ಇರೋ ಕೋಣೆಯಾ?"

"ಹೋಗಿಲ್ಲ ಅಂತ ಹೇಳ್ತಾ ಇದ್ದೀನಲ್ಲ! ಮಾರೋವರೆಗೆ ನಷ್ಟ ಅಲ್ಲ ಅದು!"

"ಹಾಗಾದ್ರೆ ಒಂದನೇ ತಾರೀಕು ಆ ನಷ್ಟವಲ್ಲದ್ದನ್ನೇ ತಗೊಂಡು ಹೋಗಿ ಕೊಡಿ ಅವಳಿಗೆ!"

"ನಾನೇನು ಕುಡಿದು ಹಾಳು ಮಾಡಿದ್ನಾ? ಯಾರಿಗೋಸ್ಕರ ಮಾಡ್ದೆ?"

ನನ್ನ ದನಿಯೂ ಏರಿತ್ತು, ಇವರದೂ ಏರಿತ್ತು. ಪರದೆಯ ಹಿಂದೆ ಬಟ್ಟಲುಗಳ ಸದ್ದು ನಿಂತುಹೋಯಿತು. ಪರದೆ ಸರಿಸಿ ಅತ್ತೆ ಬಂದರು. ನನ್ನ ಪರ ಮಾತಾಡುತ್ತಾರೆಂದು ನಾನು, ತಮ್ಮ ಪರ ಮಾತಾಡುತ್ತಾರೆಂದು ಇವರು, ಇಬ್ಬರೂ ಅವರ ಮುಖ ನೋಡಿದೆವು.

"ಅನ್ನ ಹೊತ್ತುತ್ತಿದೆ," ಎಂದರು ಅತ್ತೆ.

ನಿಜವಾಗಿಯೂ ತಳ ಹತ್ತಿತ್ತು. ಅದನ್ನೇ ಬಡಿಸಿದೆ. ಅತ್ತೆ ಎರಡನೇ ಸಲ ಹಾಕಿಸಿಕೊಂಡು, "ಆಸ್ಪತ್ರೆ ಅನ್ನಕ್ಕಿಂತ ಎಷ್ಟೋ ವಾಸಿ," ಎಂದರು. ಚೂಟಿಗೆ ನಗು ತಡೆಯಲಾಗಲಿಲ್ಲ. ಇವರು ತಲೆ ಎತ್ತದೆ ತಿಂದು ಎದ್ದರು. ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ಮದುವೆಯಾದ ಮೇಲೆ ಅದು ಎರಡನೆಯದೋ ಮೂರನೆಯದೋ ಸಲ.

*

ಆ ನಡುವೆ ಅತ್ತೆ ನೂಲಿನ ಕಂಪನಿಯನ್ನು ಅಡ್ಮಿಟ್ ಮಾಡಿಕೊಂಡಿದ್ದರು. ಮೂವತ್ತಾರಕ್ಕೆ ಕೊಂಡು, ಮೂವತ್ತಮೂರರಲ್ಲಿ ಕೆಂಪು ಗೆರೆ. ನಾಲ್ಕನೇ ದಿನ ಬೆಲೆ ಗೆರೆ ಮುಟ್ಟಿತು. ಅತ್ತೆ ಮರುಮಾತಿಲ್ಲದೆ 'ಡಿಸ್ಚಾರ್ಜ್' ಎಂದು ಬರೆದರು. ಮಾರನೆಯ ದಿನ ಬೆಲೆ ಮೂವತ್ತೈದಕ್ಕೆ ಎದ್ದಿತು.

ಚೂಟಿ ಪತ್ರಿಕೆಯನ್ನು ನೆಲಕ್ಕೆ ಬಡಿದಳು. "ನೋಡಜ್ಜಿ! ಒಂದೇ ಒಂದು ದಿನ ಕಾದಿದ್ರೆ! ಈ ಗೆರೆ ಮೋಸ!"

"ಗೆರೆ ಮೋಸ ಮಾಡಿಲ್ಲ. ಅದು ಹೇಳಿದ ಕೆಲಸ ಮಾಡ್ತು."

"ಮೂರು ಹೋಯ್ತಲ್ಲ!"

"ಹೂಂ, ಹೋಯ್ತು. ಮೂರೇ ಹೋಯ್ತು. ಶೂ ಕಂಪನಿಯಲ್ಲಿ ಎಷ್ಟು ಹೋಗಿತ್ತು?"

ಚೂಟಿ ಬೆರಳು ಮಡಿಚಿದಳು. "ಇಪ್ಪತ್ತೆರಡು."

"ಪತ್ರಿಕೆ ಎತ್ತಿಕೋ. ಹರಿದರೆ ನಾಳೆಯಿಂದ ಅವನು ಕೊಡಲ್ಲ."

ಹೊಸ್ತಿಲಲ್ಲಿ ಶೂ ಬಿಚ್ಚುತ್ತಿದ್ದ ಇವರು ಇದನ್ನೆಲ್ಲ ಕೇಳಿಸಿಕೊಂಡರು. ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ ಸುಮಾರು ಹೊತ್ತು ಕುಳಿತಿದ್ದರು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮನೆಯೊಡತಿಯ ಗಡುವಿಗೆ ಐದು ದಿನ ಉಳಿದಿತ್ತು. ಇವರು ಅನ್ನವನ್ನು ಸುಮ್ಮನೆ ಕಲಸುತ್ತಾ, ತಟ್ಟೆ ನೋಡುತ್ತಲೇ ಕೇಳಿದರು.

"ಅಮ್ಮ, ನಿನ್ನ ಕ್ಲಾಸಿನಲ್ಲಿ ಪಂಪು ಕಂಪನಿ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಅತ್ತೆ ಕೈ ತೊಳೆದುಕೊಂಡು ಪರದೆಯ ಹಿಂದೆ ಹೋದರು. ಹಾಸಿಗೆಯ ಕೆಳಗಿಂದ ಒಂದು ಸುರುಳಿ ತಂದರು. ಗ್ರಾಫ್ ಹಾಳೆಗಳನ್ನು ಹಿಟ್ಟಿನ ಅಂಟಿನಿಂದ ಒಂದಕ್ಕೊಂದು ಜೋಡಿಸಿದ್ದು. ನಾನು ಪಾತ್ರೆಗಳನ್ನು ಸರಿಸಿದೆ. ಸುರುಳಿ ಬಿಚ್ಚಿದರೆ ಮೇಜಿನ ಈ ಅಂಚಿನಿಂದ ಆ ಅಂಚು ದಾಟಿ ಇಳಿಬಿತ್ತು. ಮೇಲೆ ಅತ್ತೆಯ ದುಂಡನೆಯ ಅಕ್ಷರದಲ್ಲಿ ಪಂಪು ಕಂಪನಿಯ ಹೆಸರು. ಅಂದು ನಾನು ಓದಿ ಹೇಳಿದ್ದ ಅದೇ ಹೆಸರು. ಕ್ಷೌರದ ಅಂಗಡಿಯ ಹಳೆಯ ಪತ್ರಿಕೆಗಳ ರಾಶಿಯಿಂದ ಹಿಂದಿನ ಎರಡು ತಿಂಗಳು, ಅಲ್ಲಿಂದ ಈಚೆಗೆ ಒಂದು ದಿನವೂ ಬಿಡದೆ. ಮೊದಮೊದಲು ನೀಲಿ ಹೆಚ್ಚು, ಆಮೇಲೆ ಕೆಂಪು, ಕೆಂಪು, ನಡುವೆ ಒಂದೆರಡು ನೀಲಿ, ಮತ್ತೆ ಕೆಂಪು.

ಇವರು ಕನ್ನಡಕ ತರಿಸಿಕೊಂಡರು.

"ಇಲ್ಲಿ ಮೂರು ಸಲ ನೂರೆಂಬತ್ತಕ್ಕೆ ಬಂದು ಮೇಲೆದ್ದಿದೆ," ಎಂದು ಅತ್ತೆ ಅಡಿಕೋಲು ಇಟ್ಟು ತೋರಿಸಿದರು. "ಅಲ್ಲೊಂದು ನೆಲ ಇತ್ತು. ನಾಲ್ಕನೇ ಸಲ ನೆಲ ಮುರಿದು ಕೆಳಗೆ ಹೋಗಿದೆ. ಆಮೇಲೆ ಏರಿದಾಗಲೆಲ್ಲ ಅದೇ ನೂರೆಂಬತ್ತು ಛಾವಣಿ ಥರ ತಲೆಗೆ ಬಡಿದಿದೆ. ಇದು ಆಗಿದ್ದು. ನೀನು ತಗೊಂಡಿದ್ದು ಎಲ್ಲಿ?"

ಇವರು ಮೇಲೆ ಒಂದು ಕಡೆ ಬೆರಳಿಟ್ಟರು. ಇನ್ನೊಂದು ಬೆರಳು ತುಂಬ ಕೆಳಗೆ, ನೂರೈವತ್ತರ ಹತ್ತಿರ. ಕೊನೆಯ ಕೆಂಪು ಮೈ ಅದಕ್ಕಿಂತಲೂ ಕೆಳಗೆ, ನೂರಮೂವತ್ತೆಂಟರಲ್ಲಿ ನಿಂತಿತ್ತು.

"ಇಷ್ಟು ದಿನದಿಂದ ಬರೀತಾ ಇದ್ದೀಯ. ನಂಗೆ ಯಾಕಮ್ಮ ಹೇಳ್ಲಿಲ್ಲ?"

"ನೀನು ಕೇಳಲಿಲ್ಲ. ಕೇಳದೆ ಚಾರ್ಟು ತಂದು ಮುಖಕ್ಕೆ ಹಿಡಿದರೆ ದೊಡ್ಡ ಡಾಕ್ಟರಿಗೂ ಕೋಪ ಬರುತ್ತೆ ಕಣೋ. ಬರೆದಿಟ್ಟುಕೊಂಡು ಕಾಯೋದು ನಮ್ಮ ಕೆಲಸ."

ಇವರು ಚಿಕ್ಕ ಹುಡುಗನ ಹಾಗೆ ಕೇಳಿದರು: "ಮುಂದೆ ಏನಾಗುತ್ತೆ ಹೇಳಮ್ಮ."

"ಅದು ಈ ಹಾಳೆಯಲ್ಲಿಲ್ಲ. ಯಾರ ಹಾಳೆಯಲ್ಲೂ ಇರಲ್ಲ. ಪಂಡಿತನ ಹಾಳೆಯಲ್ಲೂ ಇಲ್ಲ."

"ಅವನ ಹತ್ತಿರ ಹಾಳೆಯೇ ಇಲ್ಲ," ಎಂದರು ಇವರು. ಎಷ್ಟೋ ದಿನದ ಮೇಲೆ ತುಟಿಯ ಮೂಲೆಯಲ್ಲಿ ಒಂದು ನಗು ಬಂದು ಹೋಯಿತು.

ಚೂಟಿ ಕುರ್ಚಿಯಿಂದಿಳಿದು ಸುರುಳಿಯ ಉದ್ದಕ್ಕೂ ನಡೆದಳು. ಬೆರಳನ್ನು ಹಾಳೆಯ ಮೇಲೆ ಎಳೆಯುತ್ತಾ ಮೊದಲಿಂದ ಕೊನೆಯವರೆಗೆ ಬಂದಳು. ಅಜ್ಜಿಯ ರಿಜಿಸ್ಟರಿನ ಈಚಿನ ಹಾಳೆಗಳಲ್ಲೆಲ್ಲ ಅಡ್ಡಕ್ಕೆ ಒಂದು ಕೆಂಪು ಗೆರೆ ಇರುವುದು ಅವಳಿಗೆ ಗೊತ್ತು. ಇದರಲ್ಲಿ ಇರಲಿಲ್ಲ. ಅಪ್ಪನ ಎರಡು ಬೆರಳು ಇನ್ನೂ ಹಾಳೆಯ ಮೇಲೇ ಇದ್ದವು, ಉಗುರ ಸಂದಿಯಲ್ಲಿ ಗ್ರೀಸು. ಅವಳು ಅಲ್ಲೇ, ಅಪ್ಪನ ಮೊಣಕೈ ಪಕ್ಕ ನಿಂತಳು. ಬಾಯಿ ತೆರೆದಳು.

ಈ ಸಲ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ.

"ಏನು ಚೂಟಿ?" ಎಂದರು ಇವರು. ದನಿಯಲ್ಲಿ ಗಡುಸು ಇರಲಿಲ್ಲ. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟರು.

ಅವಳು ಅಜ್ಜಿಯ ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು, ಪೆನ್ನನ್ನು ಅಪ್ಪನ ಕೈಗಿಟ್ಟು ಕೇಳಿದಳು:

"ಅಪ್ಪಾ, ಇದು ಇನ್ನು ಎಷ್ಟಕ್ಕೆ ಇಳಿದ್ರೆ ನೀನು ಹಿಡ್ಕೊಳ್ತೀಯ?"